ಪಾತ್ರೆ ಸಿಂಕು, ಫೋಟೋ ಸಿಂಕು

"ಉಜ್ಜಿದ್ದು ಸಾಕು ಕಣೇ, ಬಾಣಲೆಗೆ ತೂತು ಬಿದ್ದೀತು!" ಅಂದ ಅಣ್ಣ.

ಮೆಣಸು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಣಲೆಯ ತಳಕ್ಕೆ ಅಂಟಿದ್ದ ಕರಿ ಸುಲಭಕ್ಕೆ ಬಿಡುವಂಥದ್ದಲ್ಲ. ನಲ್ಲಿ ಜೋರಾಗಿ ಸುರಿಯುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ, ನೀರು ಸಿಡಿಯದಷ್ಟು ದೂರದಲ್ಲಿ, ಅಮ್ಮನ ಫೋನು ಗೋಡೆಗೆ ಒರಗಿ ನಿಂತಿತ್ತು. ಅದರೊಳಗೆ ಕಿತ್ತಳೆ ಬಣ್ಣದ ಬೆಕ್ಕೊಂದು ಕುಣಿಯುತ್ತಿತ್ತು.

ಮೆಣಸು ಅನ್ನುವುದು ಅವಳ ಹೆಸರಲ್ಲ. ಹೆಸರು ಬೇರೆ ಇದೆ, ಅದನ್ನು ಕೂಗುವುದು ಶಾಲೆಯಲ್ಲಿ ಹಾಜರಿ ತೆಗೆದುಕೊಳ್ಳುವಾಗ ಮಾತ್ರ. ಗಾತ್ರ ನೋಡಿದರೆ ಕಾಳಿನಷ್ಟು, ಬಾಯಿ ಬಿಟ್ಟರೆ ಖಾರ. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳು ಮೆಣಸು.

"ಅದೇನು ಬೆಕ್ಕು?" ಶೂ ಲೇಸು ಕಟ್ಟಿಕೊಳ್ಳುತ್ತಾ ಅಣ್ಣ ಕೇಳಿದ. ಅವನಿಗೆ ಫುಟ್‌ಬಾಲ್ ಮ್ಯಾಚಿಗೆ ಹೊತ್ತಾಗಿತ್ತು.

"ಹೊಸ ಆ್ಯಪು. ಫೋನು ದಿನಾ ಸ್ಟೋರೇಜ್ ಫುಲ್, ಸ್ಟೋರೇಜ್ ಫುಲ್ ಅಂತ ಪ್ರಾಣ ತಿಂತಿದೆಯಲ್ಲ, ಅದಕ್ಕೆ. ಫೋಟೋ ಎಲ್ಲ ಕ್ಲೌಡಿಗೆ ಹಾಕಿ, ಫೋನಲ್ಲಿರೋದನ್ನ ಅಳಿಸಿಬಿಡು ಅಂತ ಅಮ್ಮನೇ ಹೇಳಿದ್ದು."

"ಅದು ಸರಿ. ಇದನ್ನೇ ಯಾಕೆ ಆರಿಸಿದೆ?"

"ಬೇರೆಯವಕ್ಕೆಲ್ಲ ಬರೀ ಮೋಡದ ಚಿತ್ರ, ಪೆಟ್ಟಿಗೆ ಚಿತ್ರ. ಬೋರು! ಇದು ಕುಣಿಯುತ್ತೆ."

"ನಿನ್ನ ತಲೆ! ಚಪ್ಪಲಿ ತಗೊಳ್ಳೋಕೆ ನಾಲ್ಕು ಅಂಗಡಿ ಅಲೆಸ್ತೀಯ, ಅಮ್ಮನ ಫೋಟೋ ಇಡೋಕೆ ಬೆಕ್ಕು ಕುಣಿದರೆ ಸಾಕಾ?"

ಹೊರಗೆ ಅವನ ಗೆಳೆಯ ಸೈಕಲ್ ಬೆಲ್ಲನ್ನು ಬಿಡದೆ ಬಾರಿಸತೊಡಗಿದ. ಅಣ್ಣ ಚೀಲವನ್ನು ಹೆಗಲಿಗೇರಿಸಿ ಬಾಗಿಲಿಗೆ ಓಡಿದವನು ಅಲ್ಲಿಂದಲೇ ಕೂಗಿದ: "ಲೇ ಮೆಣಸು, ಸಿಂಕ್ ಪೂರ್ತಿ ಆಗೋವರೆಗೂ ಒಂದು ಫೋಟೋನೂ ಡಿಲೀಟ್ ಮಾಡ್ಬೇಡ. ಕೇಳಿಸ್ತಾ? ಸಿಂಕ್ ಫಸ್ಟು, ಡಿಲೀಟ್ ನೆಕ್ಸ್ಟು!"

"ಕೇಳಿಸ್ತಪ್ಪಾ ಕೇಳಿಸ್ತು!"

ಅವನು ಹೋದ ಮೇಲೆ ಮೆಣಸು ನಲ್ಲಿಗೆ ದೂರು ಹೇಳಿಕೊಂಡಳು: "ಒಂದು ಲೋಟ ತೊಳೆದವನಲ್ಲ, ಸಿಂಕ್ ಬಗ್ಗೆ ನನಗೆ ಪಾಠ ಮಾಡ್ತಾನೆ."

ಆದರೂ ಯಾರೂ ಬೆರಳು ತೋರಿಸಬಾರದು ನೋಡಿ, ಅವಳಿಗೆ ಆ ಹಟ. ಬಾಣಲೆ ಮುಗಿಸಿದಳು, ಲೋಟ ಬೋರಲು ಹಾಕಿದಳು, ಜಾಲರಿಯಲ್ಲಿ ಸಿಕ್ಕಿಕೊಂಡ ಅನ್ನದ ಅಗುಳು ಹೆಕ್ಕಿ ಎಸೆದಳು. ಸಿಂಕನ್ನು ಒಣ ಬಟ್ಟೆಯಿಂದ ಮೂಲೆಮೂಲೆ ಒರೆಸಿದಳು. ಬಗ್ಗಿ ನೋಡಿದರೆ ಅವಳ ಮೂಗು ಕಾಣಿಸಿತು.

ಸಿಂಕ್ ಪೂರ್ತಿ ಆಯಿತು.

ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಎಲ್ಲ ಫೋಟೋಗಳನ್ನೂ ಒಟ್ಟಿಗೆ ಆರಿಸಿ ಡಿಲೀಟ್ ಒತ್ತಿದಳು. 'ಖಚಿತವೇ?' ಅಂತ ಫೋನು ಕೇಳಿತು. ಮೆಣಸಿಗೆ ಯಾವಾಗ ಅನುಮಾನ ಇತ್ತು? ಖಚಿತ.

ಮನೆಯ ಮುಂದಿನ ಕೋಣೆಯೇ ಅಮ್ಮನ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಕೆಟ್ಟು ಬಂದದ್ದು ಯಾವುದೇ ಇರಲಿ, ಅಮ್ಮ ಬೇಡ ಅನ್ನುತ್ತಿರಲಿಲ್ಲ. ಅವತ್ತು ಮೇಜಿನ ಮೇಲೆ, ಸ್ಕ್ರೂ ಉರುಳದಿರಲಿ ಅಂತ ಹಾಸಿದ್ದ ಹಳೇ ಹೊದಿಕೆಯ ಮೇಲೆ, ಒಂದು ಟೈಪ್‌ರೈಟರು ಕೈಕಾಲು ಬೇರೆಬೇರೆಯಾಗಿ ಮಲಗಿತ್ತು. ಅಂಥ ಯಂತ್ರಕ್ಕೆ ಅಮ್ಮ ಕೈ ಹಾಕಿದ್ದು ಅದೇ ಮೊದಲು.

ಹೊಸ ಯಂತ್ರ ಬಿಚ್ಚುವಾಗ ಅಮ್ಮನದೊಂದು ಕ್ರಮ ಇತ್ತು. ಒಂದು ಸ್ಕ್ರೂ ತೆಗೆದರೆ ಒಂದು ಫೋಟೋ. ಒಂದು ಸ್ಪ್ರಿಂಗ್ ಕಳಚಿದರೆ ಇನ್ನೊಂದು ಫೋಟೋ. ಮತ್ತೆ ಕೂಡಿಸುವಾಗ ಕೊನೇ ಫೋಟೋದಿಂದ ಶುರುಮಾಡಿ ಮೊದಲನೆಯದಕ್ಕೆ ಬರುವುದು. "ಬಂದ ದಾರೀಲೇ ವಾಪಸ್ ಹೋದ್ರೆ ಮನೆ ಸಿಗುತ್ತೆ" ಅನ್ನುತ್ತಿದ್ದಳು.

ಅಷ್ಟರಲ್ಲಿ ಟೈಪಿಸ್ಟಜ್ಜಿ ಬಂದರು. ಆ ಯಂತ್ರ ಅವರದೇ. ವಯಸ್ಸಿನಲ್ಲಿದ್ದಾಗ ದೊಡ್ಡ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಈಗಲೂ ಕೂತಲ್ಲಿ ಮಂಡಿಯ ಮೇಲೆ ಬೆರಳುಗಳು ಟಪಟಪ ಕುಣಿಯುತ್ತಿರುತ್ತಿದ್ದವು.

"ಹೇಗಿದೆ ನನ್ನ ಮುದುಕಿ?" ಅಂತ ಕೇಳಿದರು.

"ಆಪರೇಷನ್ ಮುಗೀತು ಟೈಪಿಸ್ಟಮ್ಮ," ಅಂದಳು ಅಮ್ಮ. "ಕಾಗದ ಹೊತ್ತು ಸರಿಯೋ ಭಾಗ ಇದೆಯಲ್ಲ, ಅದನ್ನ ಎಳೆಯೋ ಪಟ್ಟಿ ಹರಿದಿತ್ತು. ಹೊಸದು ಹಾಕಿದ್ದೀನಿ. ಇನ್ನು ಹೊಲಿಗೆ ಹಾಕೋದೊಂದೇ ಬಾಕಿ. ಇವತ್ತು ಕೂಡಿಸಿಬಿಡ್ತೀನಿ."

"ಹಾಗಾದ್ರೆ ನಾಳೆ ಕಾಗದ ಹಾಕಬಹುದು!" ಅಜ್ಜಿಯ ಮುಖ ಅರಳಿತು. "ತಂಗಿ ಈ ವಾರದ ಕೊನೆಗೆ ಮನೆ ಖಾಲಿ ಮಾಡ್ತಾಳಂತೆ. ಎಲ್ಲಿಗೆ ಹೋಗ್ತಾಳೋ ಯಾರಿಗೂ ಗೊತ್ತಿಲ್ಲ. ಅಷ್ಟರೊಳಗೆ ಅವಳ ಕೈ ಸೇರಬೇಕು."

"ಫೋನ್ ಮಾಡಿಬಿಡಿ ಅಜ್ಜಿ," ಅಂದಳು ಮೆಣಸು.

"ಅವಳಿಗೆ ಕಿವಿ ಕೇಳಲ್ಲ ಪುಟ್ಟಿ."

"ನೀವು ಹೇಳಿ, ನಾನು ಬರೆದುಕೊಡ್ತೀನಿ. ನನ್ನ ಅಕ್ಷರ ದುಂಡಗಿದೆ."

ಅಜ್ಜಿ ನಕ್ಕರು. "ಜಗಳ ಆಡಿದ್ದು ನಾನು. ನಮ್ಮಮ್ಮನ ಕೊಡೆ ಯಾರಿಗೆ ಸೇರಬೇಕು ಅಂತ. ಅವಳು ಹಿಡಿ ಹಿಡಿದು ಎಳೆದಳು, ನಾನು ತುದಿ ಹಿಡಿದು ಎಳೆದೆ. ಕೊಡೆ ಮುರೀತು. ಮಾತೂ ಅವತ್ತೇ ಮುರೀತು. ವರ್ಷಗಳಾದವು. ಈಗ ಬೇರೆಯವರ ಅಕ್ಷರದಲ್ಲಿ ತಪ್ಪಾಯ್ತು ಅಂದ್ರೆ ಅವಳು ನಂಬ್ತಾಳಾ? ಪೆನ್ನು ಹಿಡಿದ್ರೆ ನನ್ನ ಕೈ ನಡುಗುತ್ತೆ. ಟೈಪ್ ಮಾಡುವಾಗ ಮಾತ್ರ ಬೆರಳಿಗೆ ಹಳೇ ಧೈರ್ಯ ಬರುತ್ತೆ."

ಅವರು ಯಂತ್ರದ ಹತ್ತಿರ ಬಗ್ಗಿದರು. "ಇದರಲ್ಲಿ 'ತ' ಅಕ್ಷರ ಗೆರೆ ಬಿಟ್ಟು ಸ್ವಲ್ಪ ಮೇಲಕ್ಕೆ ಹಾರುತ್ತೆ. ಅದನ್ನ ಮಾತ್ರ ಸರಿ ಮಾಡ್ಬೇಡ ಕಣಮ್ಮ. ಅದನ್ನ ನೋಡಿದ್ರೇ ಅವಳಿಗೆ ನಾನೇ ಬರೆದಿದ್ದು ಅಂತ ಗೊತ್ತಾಗೋದು."

ಅಜ್ಜಿ ಹೋದ ಮೇಲೆ ಅಮ್ಮ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಬಾ ಮೆಣಸು. ಕೊನೇ ಫೋಟೋ ತೆಗಿ."

ಮೆಣಸು ಬೆಕ್ಕನ್ನು ಒತ್ತಿದಳು. ಬೆಕ್ಕು ಕುಣಿಯುತ್ತಿರಲಿಲ್ಲ. ಆಕಳಿಸುತ್ತಾ ಕೂತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: 'ವೈಫೈಗಾಗಿ ಕಾಯುತ್ತಿದ್ದೇನೆ.'

ಅವರ ಮನೆಯಲ್ಲಿ ವೈಫೈ ಎಲ್ಲಿತ್ತು?

ವೈಫೈ ಇಲ್ಲದೆ ಅದು ರುಚಿಗೆ ಅಂತ ಒಳಗೆ ಹಾಕಿಕೊಂಡದ್ದು ನಾಲ್ಕೇ ನಾಲ್ಕು ಫೋಟೋ. ಮೂರರಲ್ಲಿ ಯಾರದೋ ಮಿಕ್ಸಿ. ಇನ್ನೊಂದರಲ್ಲಿ ಅಣ್ಣ ಕಣ್ಣು ಮುಚ್ಚಿ ನಿಂತಿದ್ದ. ಟೈಪ್‌ರೈಟರ್ ಇರಲಿಲ್ಲ. ಹೋಗಿ ಗ್ಯಾಲರಿ ತೆರೆದಳು. ಗ್ಯಾಲರಿ ತೊಳೆದಿಟ್ಟ ಸಿಂಕಿನಷ್ಟೇ ಸ್ವಚ್ಛವಾಗಿತ್ತು.

ಮೆಣಸು ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಏನಾಯ್ತೇ?"

"ಚಾರ್ಜ್... ಚಾರ್ಜ್ ಕಮ್ಮಿ ಇದೆ ಅಮ್ಮ. ಒಂಚೂರು ಚಾರ್ಜಿಗೆ ಹಾಕಿ ಬರ್ತೀನಿ."

ಅಡುಗೆಮನೆಗೆ ಓಡಿದಳು. ಬಾಗಿಲ ಹಿಂದೆ ನಿಂತು ಬೆಕ್ಕನ್ನು ಒತ್ತಿದಳು, ಕುಟ್ಟಿದಳು, ಬೇಡಿಕೊಂಡಳು. ಬೆಕ್ಕು ಮತ್ತೊಮ್ಮೆ ಆಕಳಿಸಿತು. ಲ್ಯಾಂಡ್‌ಲೈನಿನಿಂದ ಅಣ್ಣನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮೈದಾನಕ್ಕಿಳಿದರೆ ಅವನು ಫೋನ್ ಆರಿಸಿ ಚೀಲದಲ್ಲಿಡುತ್ತಿದ್ದ.

ಬಾಗಿಲ ಸಂದಿಯಿಂದ ಇಣುಕಿದಳು. ಅಮ್ಮ ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಒಂದು ಕಡೆ ಇಟ್ಟು ನೋಡಿದಳು. ಕೂರಲಿಲ್ಲ. ಇನ್ನೊಂದು ಕಡೆ ಇಟ್ಟಳು. ಅಲ್ಲೂ ಕೂರಲಿಲ್ಲ. ಹಾಗೇ ಕೆಳಗಿಟ್ಟು ಬಾಗಿಲ ಕಡೆ ನೋಡಿದಳು, ಫೋನಿಗಾಗಿ.

ಎಷ್ಟು ಹೊತ್ತು ಅಂತ ಚಾರ್ಜ್ ಮಾಡುವುದು?

ಮೆಣಸು ಹೊರಗೆ ಬಂದು ಮೇಜಿನ ಕಾಲನ್ನು ನೋಡುತ್ತಾ ನಿಂತಳು. "ಅಮ್ಮ, ಚಾರ್ಜ್ ಇತ್ತು."

"ಹಾಂ?"

"ಚಾರ್ಜ್ ಇತ್ತು. ಫೋಟೋ ಇಲ್ಲ. ಎಲ್ಲ ಅಳಿಸಿಬಿಟ್ಟೆ. ಬೆಕ್ಕಿನ ಹತ್ತಿರ ಇದೆ ಅಂದುಕೊಂಡಿದ್ದೆ. ಬೆಕ್ಕು ತಗೊಂಡೇ ಇಲ್ಲ. ಅಣ್ಣ ಹೇಳಿದ ಹಾಗೇ ಮಾಡಿದೆ ಅಮ್ಮ, ಸಿಂಕ್ ಪೂರ್ತಿ ಆದ ಮೇಲೇನೇ ಅಳಿಸಿದ್ದು, ಬೇಕಾದ್ರೆ ಹೋಗಿ ನೋಡು, ಒಂದು ಅಗುಳೂ ಇಲ್ಲ..."

ಅಷ್ಟು ಹೇಳುವಷ್ಟರಲ್ಲಿ ಮೂಗು ಕಣ್ಣು ಎರಡೂ ಸುರಿಯತೊಡಗಿದ್ದವು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಜಿನ ಮೇಲಿದ್ದ ಸ್ಪ್ರಿಂಗು, ಕೊಕ್ಕೆ, ಸಣ್ಣ ಸಣ್ಣ ಕಡ್ಡಿಗಳನ್ನೆಲ್ಲ ಒಮ್ಮೆ ನೋಡಿದಳು. "ಹೊಲಿಗೆ ಯಂತ್ರ ಆಗಿದ್ರೆ ಕಣ್ಣು ಮುಚ್ಚಿ ಕೂಡಿಸ್ತಿದ್ದೆ," ಅಂದಳು ಮೆಲ್ಲಗೆ. "ಇದರ ದಾರಿ ನನಗೆ ಗೊತ್ತಿಲ್ವಲ್ಲೇ."

ಮೆಣಸಿಗೆ ಅಜ್ಜಿಯ ಬೆರಳುಗಳು ಕಣ್ಣ ಮುಂದೆ ಬಂದವು. ನಾಳೆ ಅವರು ಬಂದು, ಹೇಗಿದೆ ನನ್ನ ಮುದುಕಿ ಅಂತ ಕೇಳುತ್ತಾರೆ.

ಟಿಣ್ ಅಂದಿತು ಫೋನು.

'ಸ್ಟೋರೇಜ್ ಫುಲ್.'

"ಇದೊಂದು ಬಾಕಿ ಇತ್ತು!" ಮೆಣಸಿಗೆ ಸಿಟ್ಟು ನೆತ್ತಿಗೇರಿತು. "ಇದ್ದಬದ್ದದ್ದೆಲ್ಲ ಅಳಿಸಿದ್ದಾಯ್ತು, ಇನ್ನೂ ಫುಲ್ ಅಂತೆ! ಹೊಟ್ಟೇಲಿ ಏನಿದೆ ಇದಕ್ಕೆ, ಕಲ್ಲಾ?"

ಹೇಳಿದವಳು ಬಾಯಿ ತೆರೆದುಕೊಂಡು ಹಾಗೇ ನಿಂತಳು.

"ಅಮ್ಮ."

"ಏನು?"

"ಡಬ್ಬದಲ್ಲಿರೋದನ್ನೆಲ್ಲ ಹೊರಗೆ ಹಾಕಿದ್ರೆ ಡಬ್ಬ ಖಾಲಿ ಆಗ್ಬೇಕು ತಾನೆ?"

"ಆಗ್ಬೇಕು."

"ಇನ್ನೂ ತುಂಬಿದೆ ಅಂದ್ರೆ?"

ಅಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಹೊರಗೆ ಹಾಕಿಲ್ಲ ಅಂತ. ಕಸ ಗುಡಿಸಿ ಬುಟ್ಟಿಗೆ ಹಾಕಿರ್ತೀವಿ. ಗಾಡಿ ಬರೋವರೆಗೂ ಬುಟ್ಟಿ ಮನೇಲೇ ತಾನೆ ಇರೋದು!"

ಇಬ್ಬರ ತಲೆಗಳೂ ಒಂದೇ ಸಲ ಫೋನಿನ ಮೇಲೆ ಬಗ್ಗಿ ಢೀ ಹೊಡೆದುಕೊಂಡವು. ನೋವು ಅನ್ನುವುದಕ್ಕೂ ಪುರಸೊತ್ತಿರಲಿಲ್ಲ. ಗ್ಯಾಲರಿಯ ಮೂಲೆಯಲ್ಲಿ ಮೂರು ಚುಕ್ಕೆ. ಅದನ್ನು ಒತ್ತಿದರೆ ಒಂದು ಪಟ್ಟಿ. ಪಟ್ಟಿಯ ತಳದಲ್ಲಿ, ಯಾರೂ ನೋಡದ ಜಾಗದಲ್ಲಿ, ಒಂದು ಪುಟ್ಟ ಕಸದ ಬುಟ್ಟಿಯ ಚಿತ್ರ.

ಒತ್ತಿದಳು.

ಸ್ಪ್ರಿಂಗು. ಕೊಕ್ಕೆ. ಪಟ್ಟಿ. ಅಮ್ಮನ ಹೆಬ್ಬೆರಳು. ಮತ್ತೆ ಸ್ಪ್ರಿಂಗು. ಸಾಲುಸಾಲಾಗಿ ಟೈಪ್‌ರೈಟರು! ಕೆಳಗೆ ಬರೆದಿತ್ತು: 'ಮೂವತ್ತು ದಿನಗಳ ನಂತರ ಅಳಿಸಲಾಗುವುದು.'

"ಇದೆ ಅಮ್ಮಾ! ಇಲ್ಲೇ ಇದೆ! ಎಲ್ಲ ಇದೆ!"

ಅಮ್ಮ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಆ ಉಸಿರಿಗೆ ಮೇಜಿನ ಮೇಲಿದ್ದ ಸಣ್ಣ ವಾಷರ್ ಒಂದು ಹಾರಿ ಕೆಳಗೆ ಬಿತ್ತು. ಅದನ್ನು ಹುಡುಕುತ್ತಾ ಮೇಜಿನ ಕೆಳಗೆ ಇಬ್ಬರೂ ನಾಲ್ಕು ಕಾಲಿನಲ್ಲಿ ಹೊರಳಾಡಿ, ಕಾರಣವೇ ಇಲ್ಲದೆ ನಗತೊಡಗಿದರು. ಮೊದಲೇ ಅತ್ತ ಮೂಗು, ನಗುವಾಗ ಮತ್ತೆ ಸುರಿಯಿತು.

ಸಂಜೆ ಅಣ್ಣ ಮಣ್ಣು ಮೆತ್ತಿಕೊಂಡು ಬರುವ ಹೊತ್ತಿಗೆ ಫೋಟೋಗಳೆಲ್ಲ ಬುಟ್ಟಿಯಿಂದ ಗ್ಯಾಲರಿಗೆ ಮರಳಿ, ಟೈಪ್‌ರೈಟರಿಗೆ ಅರ್ಧ ಮೈ ಬಂದಿತ್ತು. ನಡೆದದ್ದನ್ನು ಕೇಳಿ ಅವನು ಹಣೆ ಚಚ್ಚಿಕೊಂಡ.

"ನಾನು ಹೇಳಿದ್ದು ಪಾತ್ರೆ ತೊಳೆಯೋ ಸಿಂಕ್ ಅಲ್ವೇ! ಫೋಟೋ ಸಿಂಕು! ಫೋನಲ್ಲಿ ಇರೋದು ಕ್ಲೌಡಲ್ಲೂ ಹಾಗ್ಹಾಗೇ ಬಂದು ಕೂತಿದೆಯಾ ಅಂತ ತಾಳೆ ಆಗೋದು. ಅದಕ್ಕೂ ಸಿಂಕ್ ಅಂತಾರೆ."

"ನೀನು ಹೇಳುವಾಗ ನಾನು ಎಲ್ಲಿ ನಿಂತಿದ್ದೆ?" ಮೆಣಸು ಸೊಂಟದ ಮೇಲೆ ಕೈಯಿಟ್ಟಳು.

"ಸಿಂಕ್ ಮುಂದೆ."

"ಮತ್ತೆ?"

ಅಮ್ಮ ಫೋಟೋದಿಂದ ಕಣ್ಣು ತೆಗೆಯದೆ ಅಂದಳು: "ಅವಳದೇನೂ ತಪ್ಪಿಲ್ಲ ಬಿಡು. ಸಿಂಕ್ ಅಂತೂ ಫಳಫಳ ಅಂತಿದೆ. ನಾಳೆಯಿಂದ ಪಾತ್ರೆ ಸಿಂಕು ನಿಂದು, ಫೋಟೋ ಸಿಂಕು ಅವಳದು."

"ಅಮ್ಮಾ!"

"ಮತ್ತೆ ಆ ಬೆಕ್ಕು?" ಅಮ್ಮ ಕೇಳಿದಳು.

"ಹಾಲಿಗೆ ಬೆಕ್ಕನ್ನ ಕಾವಲು ಇಟ್ಟ ಹಾಗಾಯ್ತು," ಅಂದ ಅಣ್ಣ. "ತೆಗೆದುಹಾಕು."

ಮೆಣಸು ಬೆಕ್ಕನ್ನು ತೆಗೆದುಹಾಕಿದಳು. ಅದು ಹೋಗುವಾಗ ಅಳುವ ಮುಖ ಮಾಡಿತು. ಮಧ್ಯಾಹ್ನ ತಾನು ಬೇಡಿಕೊಂಡಾಗ ಅದು ಆಕಳಿಸಿದ್ದು ನೆನಪಾಗಿ ಅವಳಿಗೆ ಕನಿಕರ ಬರಲಿಲ್ಲ.

ಈ ಸಲ ಅವಳು ಚಿತ್ರ ನೋಡಲಿಲ್ಲ. ಒಂದೊಂದು ಆ್ಯಪನ್ನೂ ತೆರೆದು ಸಂದರ್ಶನ ಮಾಡಿದಳು.

"ವೈಫೈ ಇಲ್ದೇನೂ ಕಳಿಸ್ತೀಯಾ?"

"ಕಳಿಸುತ್ತೆ, ಸೆಟ್ಟಿಂಗ್ ಬದಲಾಯಿಸಬೇಕು," ಆ್ಯಪಿನ ಪರವಾಗಿ ಅಣ್ಣ ಉತ್ತರ ಕೊಟ್ಟ.

"ಕಳಿಸಾಯ್ತು ಅಂತ ಹೇಗೆ ಗೊತ್ತಾಗೋದು?"

"ಫೋಟೋ ಮೂಲೇಲಿ ಟಿಕ್ ಬರುತ್ತೆ."

"ಫೋನೇ ಕಳೆದುಹೋದ್ರೆ?"

"ಅಮ್ಮನ ಪಾಸ್‌ವರ್ಡ್ ಹಾಕಿದ್ರೆ ಬೇರೆ ಫೋನಲ್ಲೂ ತೆಗೀಬಹುದು."

"ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿಹೋಗುತ್ತಾ?"

ಅಣ್ಣ ಅವಳ ಮುಖ ನೋಡಿದ. "ಅದನ್ನ ನಾನೂ ಕೇಳ್ತಿರ್ಲಿಲ್ಲ ಕಣೇ. ಕೆಲವು ಆ್ಯಪಲ್ಲಿ ಹೋಗುತ್ತೆ. ಇರು, ಓದೋಣ."

ಓದಿದರು. ನೀಲಿ ಮೋಡದ ಆ್ಯಪಿನಲ್ಲಿ ಫೋನಿನಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತಿತ್ತು. ಹಳದಿ ಡಬ್ಬಿಯದು ಜಾಗ ಬೇಕಾದಷ್ಟು ಕೊಡುತ್ತಿತ್ತು, ಆದರೆ ಮಾತಿಗೊಂದು ಜಾಹೀರಾತು. ಕೊನೆಗೆ ಉಳಿದದ್ದು ಬೂದು ಬಣ್ಣದ ಪೆಟ್ಟಿಗೆಯ ಚಿತ್ರದ ಒಂದು ಸಪ್ಪೆ ಆ್ಯಪು. ಅದು ಕುಣಿಯಲಿಲ್ಲ, ಹಾಡಲಿಲ್ಲ. ಅಮ್ಮನಿಗೆ ಕನ್ನಡಕವಿಲ್ಲದೆ ಓದಲು ಬರುವಷ್ಟು ದೊಡ್ಡ ಅಕ್ಷರ ಮಾತ್ರ ಇತ್ತು.

"ಮೊದಲು ಒಂದೇ ಒಂದು ಫೋಟೋ ಕೊಟ್ಟು ನೋಡ್ತೀನಿ," ಅಂದಳು ಮೆಣಸು. ಅಡುಗೆಮನೆಗೆ ಹೋಗಿ ಕ್ಲಿಕ್ ಮಾಡಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಹಸಿರು ಟಿಕ್ ಮೂಡಿತು. ಆ ಫೋಟೋವನ್ನು ಫೋನಿನಿಂದ ಅಳಿಸಿ, ಅಣ್ಣನ ಫೋನಿನಲ್ಲಿ ಅಮ್ಮನ ಪಾಸ್‌ವರ್ಡ್ ಹಾಕಿ ತೆರೆದರು. ಇತ್ತು.

"ಏನಿದು?" ಅಣ್ಣ ಕಣ್ಣು ಕಿರಿದು ಮಾಡಿದ.

"ನಮ್ಮ ಸಿಂಕು," ಅಂದಳು ಮೆಣಸು. "ಸಿಂಕ್ ಸಿಂಕ್ ಆಯ್ತು."

ಅಮ್ಮ ನಕ್ಕ ರಭಸಕ್ಕೆ ಸ್ಕ್ರೂಡ್ರೈವರ್ ಜಾರಿತು.

ಮರುದಿನ ಶಾಲೆ ಬಿಟ್ಟು ಬರುವಾಗ ಬೀದಿಗೇ ಕೇಳಿಸಿತು: ಟಪ್ ಟಪ್, ಟಪಟಪ, ಟಿಂಗ್! ಮೆಣಸು ಚೀಲ ಕುಣಿಸುತ್ತಾ ಓಡಿಬಂದಳು. ಅಂಗಡಿಯ ಮೇಜಿನ ಮುಂದೆ ಟೈಪಿಸ್ಟಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬೆರಳು ನಡುಗುತ್ತಿರಲಿಲ್ಲ. ಸಾಲು ಮುಗಿದಾಗ ಟಿಂಗ್ ಅನ್ನುವುದು, ಅಜ್ಜಿ ಠೀವಿಯಿಂದ ಹಿಡಿ ತಳ್ಳುವುದು, ಮತ್ತೆ ಟಪಟಪ.

ಮೆಣಸು ಹೆಗಲ ಮೇಲಿಂದ ಇಣುಕಿದಳು. ಓದಬಾರದು ಅಂತ ಗೊತ್ತಿತ್ತು. ಮೊದಲ ಸಾಲು ತಾನಾಗಿ ಕಣ್ಣಿಗೆ ಬಿತ್ತು.

'ತಂಗಿ, ಆ ಕೊಡೆ ನಿನಗೇ ಸೇರಬೇಕಿತ್ತು.'

'ತ' ಉಳಿದ ಅಕ್ಷರಗಳಿಗಿಂತ ಚೂರು ಮೇಲೆ ಹಾರಿ ನಿಂತಿತ್ತು, ಸಾಲಿನ ಹಿಂದೆ ನಿಂತ ಮಗು ತುದಿಗಾಲಲ್ಲಿ ನಿಂತು ನೋಡುವ ಹಾಗೆ.

ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿತ್ತು. ಅಜ್ಜಿ ಕೈ ಹಿಡಿದುಕೊಂಡು ಮೆಣಸು ಹೊರಟಳು. ಅಜ್ಜಿಯ ಕೈ ಮತ್ತೆ ನಡುಗತೊಡಗಿತ್ತು. ಡಬ್ಬಿಯ ಮುಂದೆ ನಿಂತು ಅವರು ಲಕೋಟೆಯ ಮೇಲಿನ ವಿಳಾಸವನ್ನು ಮೆಲ್ಲಗೆ ಓದಿದರು. ತಿರುಗಿಸಿ ನೋಡಿದರು. ಅಂಟು ಬಿಟ್ಟಿದೆಯಾ ಅಂತ ಅಂಚನ್ನು ಒತ್ತಿದರು. ಮತ್ತೆ ವಿಳಾಸ ಓದಿದರು.

ಮೊದಲಾಗಿದ್ದರೆ ಮೆಣಸು, ಎಷ್ಟು ಸಲ ನೋಡ್ತೀರಿ ಅಜ್ಜಿ, ಅಂದುಬಿಡುತ್ತಿದ್ದಳು. ಈಗ ಸುಮ್ಮನೆ ಕಾದಳು.

"ಅಜ್ಜಿ, ಒಂದು ಫೋಟೋ ತೆಗೆದಿಡ್ಲಾ?" ಅಂತ ಕೇಳಿದಳು ಆಮೇಲೆ. "ಹೊಸ ಆ್ಯಪಲ್ಲಿ ಹಾಕಿದ್ರೆ ಎಲ್ಲಿಗೂ ಹೋಗಲ್ಲ. ಟಿಕ್ ಬರುತ್ತೆ."

ಅಜ್ಜಿ ಸ್ವಲ್ಪ ಯೋಚಿಸಿದರು. "ಬೇಡ ಪುಟ್ಟಿ. ಇದು ಅವಳ ಹತ್ತಿರ ಇದ್ರೆ ಸಾಕು."

ಮೆಣಸು ಫೋನನ್ನು ಜೇಬಿಗೆ ಹಾಕಿಕೊಂಡಳು. ಡಬ್ಬಿಯ ಬಾಯಿ ಅಜ್ಜಿಗೆ ಸರಿಯಾಗಿ ಎಟುಕಿತು, ಲಕೋಟೆ ಮಾತ್ರ ನಡುಗುವ ಕೈಯಲ್ಲಿ ಅಂಚಿಗೆ ತಾಕಿ ತಾಕಿ ಒಳಗೆ ಹೋಗಲೊಲ್ಲದು. ಮೆಣಸು ತುದಿಗಾಲಲ್ಲಿ ನಿಂತು ಅವರ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟಳು. ಲಕೋಟೆಯನ್ನು ಮುಟ್ಟಲಿಲ್ಲ.

"ಖಚಿತವಾ ಅಜ್ಜಿ?"

"ಖಚಿತ," ಅಂದರು ಅಜ್ಜಿ, ಬೆರಳು ಬಿಟ್ಟರು.

ಒಳಗಿನಿಂದ ಟಪ್ ಅನ್ನುವ ಸಣ್ಣ ಸದ್ದು ಬಂತು.